ವಿಮಾನಯಾನ: ಒಂದು ಗಂಟೆಯ ಹಾರಾಟ, ಐದು ಗಂಟೆಯ ಪ್ರಯಾಣ

ವ್ಯಾಪಾರೋದ್ಯಮದಲ್ಲಿ ಕಾಲವೂ ಒಂದು ಬಂಡವಾಳ. ಆದರೂ ಪ್ರಯಾಣವೆಚ್ಚದ ಲೆಕ್ಕದಲ್ಲಿ ಟಿಕೆಟ್ ದರಕ್ಕೆ ದೊರೆಯುವ ಗಮನ ಕಾಲಕ್ಕೆ ದೊರೆಯುವುದಿಲ್ಲ. ಮಂಗಳೂರು–ಬೆಂಗಳೂರು ಮಾರ್ಗ ಇದಕ್ಕೆ ಉತ್ತಮ ನಿದರ್ಶನ.

ದೂರದ ಲೆಕ್ಕ

ಈ ಎರಡು ವಿಮಾನ ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 305 ಕಿ.ಮೀ., ಅಂದರೆ 165 ನಾಟಿಕಲ್ ಮೈಲು. ರಸ್ತೆಯ ದೂರ ಸುಮಾರು 350 ಕಿ.ಮೀ. ವೇಳಾಪಟ್ಟಿಯಲ್ಲಿ ವಿಮಾನಕ್ಕೆ ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು ಅವಧಿ ನಮೂದಾಗಿರುತ್ತದೆ. ಅದು ಕೇವಲ ಹಾರಾಟದ ಅವಧಿಯಲ್ಲ. ವಿಮಾನವು ನಿಂತ ಸ್ಥಳದಿಂದ ಹೊರಟು, ಗಮ್ಯದಲ್ಲಿ ಮತ್ತೆ ನಿಲ್ಲುವವರೆಗಿನ ಅವಧಿ. ಕಿರುದೂರದಲ್ಲಿ ಏರುವುದು ಹಾಗೂ ಇಳಿಯುವುದರಲ್ಲೇ ಹೆಚ್ಚಿನ ಸಮಯ ಕಳೆಯುವುದರಿಂದ, ಜೆಟ್ ವಿಮಾನಕ್ಕೂ ಪ್ರೊಪೆಲ್ಲರ್‌ನ ಎಟಿಆರ್ ವಿಮಾನಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸ ಕಾಣದು.

ನೆಲದ ಮೇಲಿನ ಸಮಯ

ಮಂಗಳೂರಿನ ಬಂದರು ಪ್ರದೇಶದ ವರ್ತಕರೊಬ್ಬರು ಪೀಣ್ಯದ ಕಾರ್ಖಾನೆಗೆ ಹೊರಟರೆಂದು ಭಾವಿಸೋಣ. ಬಜ್ಪೆ ನಿಲ್ದಾಣಕ್ಕೆ 40 ನಿಮಿಷ, ತಪಾಸಣೆ ಮತ್ತು ಕಾಯುವಿಕೆಗೆ 90 ನಿಮಿಷ, ವಿಮಾನದಲ್ಲಿ 65 ನಿಮಿಷ, ಸಾಮಾನು ಪಡೆದು ಹೊರಬರಲು 25 ನಿಮಿಷ, ದೇವನಹಳ್ಳಿಯಿಂದ ಪೀಣ್ಯಕ್ಕೆ 80 ನಿಮಿಷ. ಒಟ್ಟು 300 ನಿಮಿಷ, ಅಂದರೆ ಐದು ಗಂಟೆ. ಇದರಲ್ಲಿ ವಿಮಾನದ ಪಾಲು ಸುಮಾರು ಐದನೆಯ ಒಂದು ಭಾಗ ಮಾತ್ರ. 2008ರ ಮೇ 24ರಂದು ಬೆಂಗಳೂರಿನ ವಿಮಾನ ಸಂಚಾರ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ಆಕಾಶದ ದೂರ ಹೆಚ್ಚು ಬದಲಾಗಲಿಲ್ಲ. ಅನೇಕರಿಗೆ ನೆಲದ ದೂರ ಹೆಚ್ಚಿತು.

ದೂರ ಹೆಚ್ಚಿದಂತೆ ಈ ಹೊರೆ ಹಗುರಾಗುತ್ತದೆ. ಬೆಂಗಳೂರು–ದೆಹಲಿ ಅಂತರ ಸುಮಾರು 1,700 ಕಿ.ಮೀ.; ವಿಮಾನದ ಅವಧಿ ಸುಮಾರು ಎರಡೂ ಮುಕ್ಕಾಲು ಗಂಟೆ. ನೆಲದ ಮೇಲೆ ನಾಲ್ಕು ಗಂಟೆ ಸೇರಿಸಿದರೂ ಏಳು ಗಂಟೆಯೊಳಗೆ ಪ್ರಯಾಣ ಮುಗಿಯುತ್ತದೆ. ರೈಲಿಗೆ ಒಂದು ದಿನಕ್ಕೂ ಹೆಚ್ಚು ಬೇಕು.

ಒಂದು ಗಂಟೆಯ ಬೆಲೆ

ಮನೆಯಿಂದ ಕಾರ್ಖಾನೆಯವರೆಗೆ ಬಸ್ಸಿನಲ್ಲಿ ಒಂಬತ್ತು ಗಂಟೆ, ವೆಚ್ಚ ರೂ. 1,200, ಟ್ಯಾಕ್ಸಿ ಸೇರಿ ವಿಮಾನದಲ್ಲಿ ಐದು ಗಂಟೆ, ವೆಚ್ಚ ರೂ. 5,200 ಎಂದಿಟ್ಟುಕೊಳ್ಳೋಣ. ನಾಲ್ಕು ಗಂಟೆ ಉಳಿಸಲು ರೂ. 4,000, ಅಂದರೆ ಗಂಟೆಗೆ ರೂ. 1,000 ತೆತ್ತಂತಾಯಿತು. ಆ ಗಂಟೆಯಲ್ಲಿ ಅದಕ್ಕಿಂತ ಹೆಚ್ಚು ಗಳಿಸಬಲ್ಲವರಿಗೆ ವಿಮಾನ ಲಾಭದಾಯಕ. ರಾತ್ರಿ ಬಸ್ಸಿನಲ್ಲಾದರೋ ನಿದ್ರೆಯ ವೇಳೆಯೇ ಪ್ರಯಾಣಕ್ಕೆ ಒದಗುವುದರಿಂದ ಉಳಿಯುವ ದುಡಿಮೆಯ ಸಮಯ ಅಲ್ಪ. ಅದೇ ದಿನ ಹಿಂತಿರುಗಿ ವಸತಿ ವೆಚ್ಚ ತಪ್ಪುವುದಾದರೆ ವಿಮಾನದ ಪರವಾಗಿ ಅದನ್ನೂ ಗಣಿಸಬೇಕು.

ತೆರಿಗೆಯ ಅಂಶ

ಎಕಾನಮಿ ದರ್ಜೆಯ ಟಿಕೆಟ್‌ಗೆ ಶೇ. 5ರಷ್ಟು ಜಿಎಸ್‌ಟಿ ಇದೆ. ವ್ಯವಹಾರ ನಿಮಿತ್ತದ ಪ್ರಯಾಣವಾದಲ್ಲಿ, ನೋಂದಾಯಿತ ವ್ಯಾಪಾರಿಗಳು ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನೀಡಿ, ತೆರಿಗೆ ಇನ್‌ವಾಯ್ಸ್ ಪಡೆದು ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಸ್ವಂತ ಪ್ರವಾಸಕ್ಕೆ ಹಾಗೂ ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಆದ್ದರಿಂದ ವೇಳಾಪಟ್ಟಿಯ ಒಂದು ಗಂಟೆಯನ್ನು ನೋಡಿ ನಿರ್ಧರಿಸದೆ, ಬಾಗಿಲಿನಿಂದ ಬಾಗಿಲಿಗೆ ತಗಲುವ ಸಮಯ ಹಾಗೂ ವೆಚ್ಚವನ್ನು ಒಮ್ಮೆ ಬರೆದು ನೋಡುವುದು ಲೇಸು.