ಜಡೆ ಬಿಡಿಸದ ಬ್ರಹ್ಮ

1980ರ ದಶಕದ ಆರಂಭ. ನ್ಯೂಯಾರ್ಕಿನಲ್ಲಿ ಮೇರಿಯನ್ ಕಾರ್ಲ್ಸನ್ ತಂಡ ಸಾಕಿದ್ದ ಯೀಸ್ಟ್‌ಗೆ ಸಕ್ಕರೆ ದಕ್ಕುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇರಾ ಹರ್ಸ್ಕೊವಿಟ್ಜ್ ತಂಡದ ಯೀಸ್ಟ್‌ಗೆ ಲಿಂಗ ಬದಲಿಸಿಕೊಳ್ಳಲು ಆಗುತ್ತಿರಲಿಲ್ಲ (ಯೀಸ್ಟ್‌ಗೆ ಅದು ದಿನನಿತ್ಯದ ಕೆಲಸ, ನಾವು ಹುಬ್ಬೇರಿಸಬೇಕಿಲ್ಲ). ಅವರು ಕೆಟ್ಟ ವಂಶವಾಹಿಗಳನ್ನು 'ಸ್ನಫ್' ಎಂದರು, ಇವರು 'ಸ್ವಿ' ಎಂದರು. ಕಡೆಗೆ ನೋಡಿದರೆ, ಸ್ನಫ್-2 ಮತ್ತು ಸ್ವಿ-2 ಒಂದೇ ವಂಶವಾಹಿ!

ಅದು ತಯಾರಿಸುವ ಪ್ರೋಟೀನು ನೋಡಲು ಥೇಟ್ ಹೆಲಿಕೇಸ್. ಹೆಲಿಕೇಸ್‌ಗಳ ಕಸುಬು ಡಿಎನ್‌ಎಯ ಎರಡೆಳೆಯ ಜಡೆ ಬಿಡಿಸುವುದು. ಇದೋ, ಆ ಮನೆತನದ ಮುಖ ಹೊತ್ತಿದ್ದರೂ ಜಡೆಯ ತಂಟೆಗೇ ಹೋಗುವುದಿಲ್ಲ. ಇದರ ಕಸುಬೇ ಬೇರೆ. ನಮ್ಮ ಸಾಮಾನ್ಯ ಜೀವಕೋಶವೊಂದರಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಇರುತ್ತದೆ. ಹಿಸ್ಟೋನ್ ಎಂಬ ಪ್ರೋಟೀನುಗಳ ಉರುಳೆಗೆ ದಾರದಂತೆ ಅದು ಸುತ್ತಿಕೊಂಡಿರುತ್ತದೆ. ಉರುಳೆಯೊಂದಕ್ಕೆ 147 ಅಕ್ಷರಜೋಡಿಗಳು. ಸುತ್ತಿನೊಳಗೆ ಹುದುಗಿದ ವಂಶವಾಹಿಯನ್ನು ನಕಲು ಮಾಡುವ ಯಂತ್ರಕ್ಕೆ ಓದುವುದು ಕಷ್ಟ. ಆಗ ಹತ್ತಾರು ಸಂಗಾತಿ ಪ್ರೋಟೀನುಗಳೊಂದಿಗೆ ನಮ್ಮ ನಕಲಿ ಹೆಲಿಕೇಸ್ ಬಂದು ಕೂರುತ್ತದೆ. ಎಟಿಪಿ ಎಂಬ ಇಂಧನ ಉರಿಸಿ ದಾರವನ್ನು ಜಗ್ಗುತ್ತದೆ. ಉರುಳೆ ಪಕ್ಕಕ್ಕೆ ಸರಿಯುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಯೀಸ್ಟ್‌ನಲ್ಲಿ ಸಕ್ಕರೆ ಒಡೆಯುವ ಕಿಣ್ವದ ವಂಶವಾಹಿ ತೆರೆದುಕೊಳ್ಳುವುದು ಹೀಗೆ.

ಹಣ್ಣುನೊಣದಲ್ಲಿ ಸ್ನಫ್-2ರ ದಾಯಾದಿಗೆ ಇಟ್ಟ ಹೆಸರು ಬ್ರಹ್ಮ. ಜೇಮ್ಸ್ ಕೆನಿಸನ್ ಮತ್ತು ಜಾನ್ ಟಾಮ್ಕುನ್ 1988ರಲ್ಲಿ ಅದರ ಜೊತೆಗೇ ಗುರುತಿಸಿದ ಇನ್ನೆರಡರ ಹೆಸರು ಮೊಯಿರಾ, ಕಿಸ್ಮತ್. ಗ್ರೀಕರ ವಿಧಿಯೂ ಬಂತು, ಪಕ್ಕದ ಮನೆಯ ಅದೃಷ್ಟವೂ ಬಂತು! ಮರಿಹುಳುವಿನ ಯಾವ ಭಾಗ ಏನಾಗಬೇಕು, ಕಾಲೋ ಮೀಸೆಯೋ ಎಂದು ತೀರ್ಮಾನಿಸುವ ವಂಶವಾಹಿಗಳನ್ನು ಎಚ್ಚರವಾಗಿಡುವುದು ಬ್ರಹ್ಮನ ಕೆಲಸ. ಹಣೆಬರಹ ಬರೆಯುವವನೆಂದೇ ಬ್ರಹ್ಮನನ್ನು ಬಲ್ಲ ನಮಗೆ ಈ ನೊಣದ ಬ್ರಹ್ಮ ಸ್ವಲ್ಪ ವಿಚಿತ್ರ. ಒಂದಕ್ಷರವನ್ನೂ ಬರೆಯದೆ, ಬರೆದಿಟ್ಟದ್ದನ್ನು ಓದಲು ಬಿಡಿಸಿಕೊಡುತ್ತಾನೆ, ಅಷ್ಟೆ.

ಮನುಷ್ಯರಲ್ಲೂ ಈ ಪ್ರೋಟೀನು ತಂಡವಿದೆ. ಎಳೆಯ ಮಕ್ಕಳನ್ನು ಕಾಡುವ ರ‍್ಯಾಬ್ಡಾಯ್ಡ್ ಎಂಬ ಉಗ್ರ ಕ್ಯಾನ್ಸರ್‌ನಲ್ಲಿ ತಂಡದ ಸದಸ್ಯ ಸ್ನಫ್-5 ಕಾಣೆಯಾಗಿರುವುದು 1998ರಲ್ಲಿ ಬಯಲಾಯಿತು. ಆ ಗಡ್ಡೆಗಳ ಡಿಎನ್‌ಎ ಓದಿದರೆ ಬೇರೆ ತಪ್ಪುಗಳು ಸಿಗುವುದು ತೀರ ಕಡಿಮೆ. ಬರಹ ಬಹುಪಾಲು ನೆಟ್ಟಗಿದೆ, ಪುಟ ತೆರೆಯುವ ಕೈಯಲ್ಲಿ ಒಂದು ಬೆರಳಿಲ್ಲ.