ಆಂದೋಲನಜೀವಿ: ರಾಜಕೀಯ ಹಣೆಪಟ್ಟಿ ಮತ್ತು ‘-ಜೀವಿ’ ಎಂಬ ಉತ್ತರಪದ

2021ರ ಫೆಬ್ರುವರಿ 8ರಂದು ರಾಜ್ಯಸಭೆಯಲ್ಲಿ ಮಾತನಾಡುತ್ತ ಪ್ರಧಾನಿ ನರೇಂದ್ರ ಮೋದಿಯವರು ‘ಆಂದೋಲನಜೀವಿ’ ಎಂಬ ಪದವನ್ನು ಪ್ರಯೋಗಿಸಿದರು. ದೆಹಲಿಯ ಗಡಿಗಳಲ್ಲಿ ಕೃಷಿ ಕಾಯ್ದೆಗಳ ವಿರುದ್ಧ ರೈತರು ಧರಣಿ ಕುಳಿತು ಆಗ ಎರಡು ತಿಂಗಳು ಮೀರಿತ್ತು. ಯಾರ ಚಳವಳಿ ನಡೆದರೂ ಅಲ್ಲಿ ಕಾಣಿಸಿಕೊಳ್ಳುವವರು, ಚಳವಳಿಯಿಲ್ಲದೆ ಬದುಕಲಾರದವರು ಎಂಬ ವಿವರಣೆಯನ್ನೂ ಅವರೇ ನೀಡಿದರು. ಪದವು ಬೇಗನೆ ಟ್ವಿಟರ್‌ನ ಹ್ಯಾಶ್‌ಟ್ಯಾಗ್ ಆಯಿತು. ಇಂತಹ ಹಣೆಪಟ್ಟಿಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪದದ ಅರ್ಥಛಾಯೆಗೆ ಸೀಮಿತವಾಗಿರುತ್ತದೆ. ಈ ಹಣೆಪಟ್ಟಿಯ ಬಲವಾದರೋ ಅದರ ಪದರಚನೆಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ.

‘-ಜೀವಿ’ ಉತ್ತರಪದವಾಗಿರುವ ಸಮಾಸಗಳು ಹಳೆಯವು. ಪಾಣಿನಿಯು ‘ಆಯುಧಜೀವಿಸಂಘ’ಗಳನ್ನು ಉಲ್ಲೇಖಿಸುತ್ತಾನೆ, ಆಯುಧವೇ ಜೀವನೋಪಾಯವಾದವರು ಎಂಬ ತಟಸ್ಥ ಅರ್ಥ ಅಲ್ಲಿಯದು. ಕನ್ನಡದ ‘ಶ್ರಮಜೀವಿ’ಯಲ್ಲಿ ಇದೇ ಸಂಬಂಧ ಗೌರವಸೂಚಕವಾಗಿದೆ. ಆದರೆ ಪೂರ್ವಪದದಿಂದ ಬದುಕುವುದು ಎಂಬುದನ್ನು ಎರಡು ಬಗೆಯಾಗಿ ಗ್ರಹಿಸಬಹುದು: ಅದನ್ನು ಸಾಧನವಾಗಿಸಿಕೊಂಡು ದುಡಿಯುವುದು, ಅಥವಾ ಅದಕ್ಕೆ ಅಂಟಿಕೊಂಡು ಉಣ್ಣುವುದು. ಅದೇ ಭಾಷಣದಲ್ಲಿ ಬಂದ ಹಿಂದಿಯ ‘ಪರಜೀವಿ’ ಎರಡನೆಯ ಗ್ರಹಿಕೆಯನ್ನು ಖಚಿತಗೊಳಿಸಿತು. ಕನ್ನಡದಲ್ಲಿ ಅದಕ್ಕೆ ರೂಢಿಯ ಪದ ‘ಪರೋಪಜೀವಿ’ ಅಥವಾ ‘ಪರಾವಲಂಬಿ’ಯಾದ್ದರಿಂದ ಅನುವಾದದಲ್ಲಿ ಈ ಪ್ರಾಸದ ಹೊಡೆತ ಕುಗ್ಗುತ್ತದೆ.

ಕುಗ್ಗಿದರೂ ಕನ್ನಡದ ನೆಲ ಹದವಾಗಿಯೇ ಇತ್ತು. ಒಮ್ಮೆ ಮರ್ಯಾದೆಯ ಪದವಾಗಿದ್ದ ‘ಬುದ್ಧಿಜೀವಿ’ ಜಾಲತಾಣಗಳಲ್ಲಿ ಬೈಗುಳವಾಗಿ, ಅದರಿಂದ ‘ಲದ್ದಿಜೀವಿ’ಯೂ ಹುಟ್ಟಿದೆ. (ವಿಶ್ವವಿದ್ಯಾನಿಲಯದ ಅಧ್ಯಾಪಕಿಯಾದ ನಾನು ಇಲ್ಲಿ ಪೂರ್ಣ ತಟಸ್ಥ ವೀಕ್ಷಕಿಯೆಂದು ಹೇಳಿಕೊಳ್ಳಲಾರೆ.) ಕನ್ನಡದ ವ್ಯಾಕರಣವು ಮತ್ತೊಂದು ಅಸ್ತ್ರವನ್ನೂ ಒದಗಿಸುತ್ತದೆ. ‘ಸೂಕ್ಷ್ಮಜೀವಿ’, ‘ಜೀವಿಗಳು’ ಎಂಬಲ್ಲಿ ‘ಜೀವಿ’ ಪ್ರಾಣಿವಾಚಿ. ಅದರ ಕ್ರಿಯಾಪದ ನಪುಂಸಕದಲ್ಲಿರುತ್ತದೆ. ‘ಬುದ್ಧಿಜೀವಿಗಳು’ ಎಂಬುದರ ಬಹುವಚನ ಪ್ರತ್ಯಯವೂ ‘-ಗಳು’ ಆದುದರಿಂದ ನಾಮಪದವು ತಾನಾಗಿ ಮನುಷ್ಯವಾಚಿಯೆಂದು ಸಾರುವುದಿಲ್ಲ. ಆ ಕೆಲಸ ಕ್ರಿಯಾಪದದ್ದು. ‘ಬುದ್ಧಿಜೀವಿಗಳು ಎಲ್ಲಿದ್ದಾರೆ?’ ಎಂಬುದು ಪ್ರಶ್ನೆ ಅಥವಾ ಆಕ್ಷೇಪ. ‘ಬುದ್ಧಿಜೀವಿಗಳು ಎಲ್ಲಿವೆ?’ ಎಂದಾಗ ಅದೇ ಜನ ಮನುಷ್ಯಕೋಟಿಯಿಂದ ಹೊರಗಿರುತ್ತಾರೆ. ಒಂದು ಅವಾಚ್ಯ ಪದವನ್ನೂ ಬಳಸದೆ ಇದು ಸಾಧ್ಯವಾಗುತ್ತದೆ.

ಜಾಲತಾಣಕ್ಕೆ ಬಂದರೆ, ಹ್ಯಾಶ್‌ಟ್ಯಾಗ್ ನಡುವೆ ತೆರಪನ್ನು ಸಹಿಸದು. ಒಂದೇ ಪದವಾಗಿ ಬೆಸೆದ ಸಮಾಸ ಅದಕ್ಕೆ ಸಹಜವಾಗಿ ಒಗ್ಗುತ್ತದೆ. ವಿಭಕ್ತಿ ಸೇರಿದ ‘#ಆಂದೋಲನಜೀವಿಗಳಿಗೆ’ ಬೇರೆಯೇ ಟ್ಯಾಗ್ ಆಗುವುದರಿಂದ, ಹೆಚ್ಚು ಜನರನ್ನು ತಲುಪಬೇಕಾದ ರೂಪ ವಿಭಕ್ತಿರಹಿತವಾಗಿಯೇ ಉಳಿಯಬೇಕು. ಹೀಗೆ ಕರ್ತೃವೂ ಕ್ರಿಯೆಯೂ ಇಲ್ಲದೆ ನಿಂತ ಹಣೆಪಟ್ಟಿಯಲ್ಲಿ ಅಲ್ಲಗಳೆಯಬಹುದಾದ ಹೇಳಿಕೆಯೇ ಇರುವುದಿಲ್ಲ. ‘ನಾನು ಆಂದೋಲನಜೀವಿಯಲ್ಲ’ ಎಂದವರೂ ಅಂತಹದೊಂದು ವರ್ಗವಿದೆ ಎಂಬ ಪೂರ್ವಗೃಹೀತವನ್ನು ಒಪ್ಪಿದಂತಾಯಿತು. ಪ್ರತಿಭಟನೆಯು ನಾಗರಿಕರು ಎಂದಾದರೊಮ್ಮೆ ಕೈಗೊಳ್ಳುವ ಕ್ರಿಯೆ. ಈ ಸಮಾಸ ಅದನ್ನು ಕೆಲವರ ಕಸುಬಾಗಿಸುತ್ತದೆ. ಕಸುಬೆಂದು ಹೆಸರಿಟ್ಟ ಮೇಲೆ ಬೇಡಿಕೆಗೆ ಉತ್ತರ ಕೊಡುವ ಹೊಣೆ ಉಳಿಯುವುದಿಲ್ಲ.

ವಿರೋಧಿಗಳೂ ನಿರಾಕರಣೆಗೆ ಕೈಹಾಕಲಿಲ್ಲವೆಂಬುದು ಗಮನಾರ್ಹ. ಪಿ. ಚಿದಂಬರಂ ಅವರು ಟ್ವೀಟ್‌ನಲ್ಲಿ ತಾವು ಹೆಮ್ಮೆಯ ಆಂದೋಲನಜೀವಿಯೆಂದೂ ಮಹಾತ್ಮ ಗಾಂಧಿ ಅದಕ್ಕೆ ಮಾದರಿಯೆಂದೂ ಹೇಳಿಕೊಂಡರು. ವರ್ಗವನ್ನು ಉಳಿಸಿಕೊಂಡು ಅದರ ಮೌಲ್ಯವನ್ನು ತಿರುಗಿಸುವ ಕ್ರಮವಿದು. ಇನ್ನೊಂದು ಕ್ರಮ, ಅದೇ ಅಚ್ಚಿನಲ್ಲಿ ಎದುರಾಳಿಗೂ ಹೆಸರು ಎರೆಯುವುದು: ಬರಿಯ ಮಾತಿನ ಮೇಲೆ ಬದುಕುವವರೆಂಬ ಅರ್ಥದ ‘ಜುಮ್ಲಾಜೀವಿ’. ಎರಡೂ ಉತ್ತರಗಳು ‘-ಜೀವಿ’ಯ ಉತ್ಪಾದಕತೆಯನ್ನೇ ಹೆಚ್ಚಿಸಿದವು.

2022ರ ಜುಲೈನಲ್ಲಿ ಸುದ್ದಿಯಾದ ಲೋಕಸಭಾ ಸಚಿವಾಲಯದ ಅಸಂಸದೀಯ ಪದಗಳ ಪಟ್ಟಿಯಲ್ಲಿ ‘ಜುಮ್ಲಾಜೀವಿ’ ಇತ್ತು. ಯಾವ ಪದವನ್ನೂ ನಿಷೇಧಿಸಿಲ್ಲವೆಂದು ಸಭಾಧ್ಯಕ್ಷ ಓಂ ಬಿರ್ಲಾ ಸ್ಪಷ್ಟಪಡಿಸಿದರು. ಇಲ್ಲಿ ನಮಗೆ ಮುಖ್ಯವಾದುದು ನಿಷೇಧವಲ್ಲ, ಪಟ್ಟಿಯೆಂಬ ವಿಧಾನ. ಪಟ್ಟಿ ಸಿದ್ಧರೂಪಗಳನ್ನು ದಾಖಲಿಸುತ್ತದೆ, ರಚನೆಯ ಅಚ್ಚನ್ನಲ್ಲ. ಕನ್ನಡದ ದ್ವೇಷಭಾಷೆಯನ್ನು ಯಂತ್ರದಿಂದ ಗುರುತಿಸಲು ಪದಪಟ್ಟಿಯನ್ನೇ ನೆಚ್ಚುವ ಸಂಶೋಧಕರೂ ಇದೇ ತೊಡಕನ್ನು ಎದುರಿಸಬೇಕಾಗುತ್ತದೆ. ‘ಲದ್ದಿಜೀವಿ’ ಅವರ ಜಾಲಕ್ಕೆ ಬೀಳುತ್ತದೆ. ‘ಬುದ್ಧಿಜೀವಿಗಳು ಎಲ್ಲಿವೆ?’ ಎಂಬುದು ನುಸುಳಿಹೋಗುತ್ತದೆ. ಅಲ್ಲಿ ನಿಂದೆಯಿರುವುದು ಕ್ರಿಯಾಪದದ ‘-ವೆ’ಯಲ್ಲಿ.