ಗೇಣುದ್ದದ ಕಾರ್ಡು, ಎಪ್ಪತ್ತೈದು ವಾಟು

ಬೀದರ್ ಜಿಲ್ಲೆಯ ಠಾಣಾ ಕುಶನೂರಿನ ಒಂದು ಫೋಟೊ ಸ್ಟುಡಿಯೊ. ಮುಂದಿನ ಅರ್ಧ ಜೆರಾಕ್ಸ್ ಅಂಗಡಿ, ಪರದೆಯ ಹಿಂದಿನ ಅರ್ಧದಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್. ಮೇಲೆ ತಗಡಿನ ಸೂರು. ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಕಂಪ್ಯೂಟರೊಂದು ಅಂಗಾತ ಮಲಗಿದೆ. ಹೈದರಾಬಾದಿನ ಯಾವುದೋ ಆಫೀಸು ಬಳಸಿ ಮಾರಿದ್ದು. ಅಂಗೈ ಅಗಲದಷ್ಟೇ ದಪ್ಪದ ಚಪ್ಪಟೆ ಪೆಟ್ಟಿಗೆ. ಸ್ಟುಡಿಯೊದ ಹುಡುಗ ಸಿಕಂದರಾಬಾದಿನ ಪಾರ್ಕ್‌ಲೇನ್‌ಗೆ ಹೋಗಿ, ಚೆನಾಯ್ ಟ್ರೇಡ್ ಸೆಂಟರಿನ ಮಹಡಿಗಳನ್ನೆಲ್ಲ ಹತ್ತಿಳಿದು, ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ತಂದಿದ್ದಾನೆ. ಅದೂ ಸೆಕೆಂಡ್ ಹ್ಯಾಂಡ್. ಬೀದರಿಗೆ ಬರುವ ಬಸ್ಸಿನಲ್ಲಿ ಜಹೀರಾಬಾದ್ ದಾಟುವವರೆಗೂ ತೊಡೆಯ ಮೇಲಿಂದ ಇಳಿಸಿರಲಿಲ್ಲವಂತೆ.

ಈಗ ಕಾರ್ಡು ಕೂರುತ್ತಿಲ್ಲ.

“ಕಾಕಾ, ಕಾರ್ಡ್ ಸಣ್ಣದೇ ಅದರಿ. ಪಟ್ಟಿನೇ ಉದ್ದ ಅದ. ಈಗೇನ್ ಮಾಡ್ಲಿ?”

ನೋಡಿದೆ. ಕಾರ್ಡಿನ ತುದಿಗೆ ತಗಡಿನ ಒಂದು ಪಟ್ಟಿ ಇರುತ್ತದೆ, ಮಾನಿಟರಿನ ವೈರು ಚುಚ್ಚುವ ತೂತುಗಳು ಇರುವ ಪಟ್ಟಿ. ದೊಡ್ಡ ಕ್ಯಾಬಿನೆಟ್ಟಿಗೆ ಬೇಕಾದದ್ದು ಸುಮಾರು 12 ಸೆಂಟಿಮೀಟರ್ ಉದ್ದದ್ದು, ಇಂಥ ಚಪ್ಪಟೆ ಪೆಟ್ಟಿಗೆಗೆ ಸುಮಾರು 8 ಸೆಂಟಿಮೀಟರಿನದು. ಹೊಸ ಡಬ್ಬಿಯಲ್ಲಾದರೆ ಸಾಮಾನ್ಯವಾಗಿ ಎರಡೂ ಇರುತ್ತವೆ. ಮೊದಲ ಮಾಲೀಕ ಚಿಕ್ಕ ಪಟ್ಟಿಯನ್ನು ಎಲ್ಲೋ ಕಳೆದಿದ್ದಾನೆ, ಮಾರಿದವನು ಹೇಳಿಲ್ಲ, ಕೊಂಡವನು ಕೇಳಿಲ್ಲ. ಇಂಥ ಗಿಡ್ಡ, ‘ಲೋ ಪ್ರೊಫೈಲ್’ ಕಾರ್ಡನ್ನು ಹಳೆ ಸಾಮಾನಿನಲ್ಲಿ ಕೊಳ್ಳುವವರು ಬೆಲೆ ಕೇಳುವುದಕ್ಕೂ ಮೊದಲು ಕೇಳಬೇಕಾದದ್ದು ಆ ಚಿಕ್ಕ ಪಟ್ಟಿಯನ್ನು.

ಪಟ್ಟಿಯ ಪಾಡು ಆಮೇಲೆ ನೋಡೋಣ, ಅದು ಹತ್ತು ನಿಮಿಷದ ಕೆಲಸ. ಸಣ್ಣ ಪೆಟ್ಟಿಗೆಗೆ ಕಾರ್ಡು ಆರಿಸುವವರು ಸ್ಕೇಲು ಹಿಡಿದು ಉದ್ದ, ಎತ್ತರ, ದಪ್ಪ ಅಳೆಯುತ್ತಾರೆ. ಅಳೆಯಲೇಬೇಕು ಅನ್ನಿ. ಹಿಂಬದಿಯ ಒಂದೊಂದು ಕಿಂಡಿಗೆ 20 ಮಿಲಿಮೀಟರ್ ಚಿಲ್ಲರೆ ಜಾಗ, ಎರಡು ಕಿಂಡಿ ನುಂಗುವ ಕಾರ್ಡಿಗೆ 40. ಕೆಲವು ಆಫೀಸ್ ಪೆಟ್ಟಿಗೆಗಳಲ್ಲಿ ಕಾರ್ಡು ಚುಚ್ಚುವ ಸ್ಲಾಟಿನ ಮಗ್ಗುಲಲ್ಲೇ ಪವರ್ ಸಪ್ಲೈ ಗೋಡೆಯ ಹಾಗೆ ನಿಂತಿರುತ್ತದೆ, ಅಲ್ಲಿ ದಪ್ಪ ಕಾರ್ಡಿಗೆ ಪ್ರವೇಶವಿಲ್ಲ. ಆದರೆ ಕಾರ್ಡಿನ ನಿಜವಾದ ಗಾತ್ರ ಸ್ಕೇಲಿಗೆ ಸಿಗುವುದಿಲ್ಲ. ಅದನ್ನು ವಾಟಿನಲ್ಲಿ ಅಳೆಯಬೇಕು. ನಮ್ಮ ಔರಾದ, ಭಾಲ್ಕಿ ಕಡೆಯ ಬಿಸಿಲಿನಲ್ಲಂತೂ ಇದು ಎರಡು ಪಾಲು ಸತ್ಯ.

ಮೊದಲು ಆ ಕಾರ್ಡು ಮಾಡುವ ಕೆಲಸ ಯಾವುದು ನೋಡಿ. ಸೋಯಾ ಹೊಲದಲ್ಲಿ ಕಳೆ ತೆಗೆಯುವ ದಿನ ನೆನಪಿಸಿಕೊಳ್ಳಿ. ಮೊಂಡ ಮಾರುಕಟ್ಟೆಯಲ್ಲಿ ಮಾಲಿನ ದರ ಮಾತಾಡುವುದು ಒಬ್ಬ ಶಾಣ್ಯಾನ ಕೆಲಸ, ಅಲ್ಲಿ ನಲವತ್ತು ಜನ ಹೋದರೆ ಗದ್ದಲವೇ ಹೊರತು ದರ ಏರುವುದಿಲ್ಲ. ಆ ಒಬ್ಬ ಶಾಣ್ಯಾ ಕಂಪ್ಯೂಟರಿನ ಪ್ರೊಸೆಸರ್. ಕಳೆ ತೆಗೆಯಲು ಮಾತ್ರ ಜಾಣತನಕ್ಕಿಂತ ಕೈಗಳು ಹೆಚ್ಚು ಬೇಕು. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಒಂದೇ ಬಾರಿಗೆ ಮುಂದೆ ಸಾಗುತ್ತಾರೆ. ಗ್ರಾಫಿಕ್ಸ್ ಚಿಪ್ಪು ಅಂಥ ಆಳುಗಳ ತಂಡ. ಎನ್ವಿಡಿಯಾ ಕಂಪನಿಯ ಚಿಪ್ಪಿನಲ್ಲಿ 32 ಎಳೆಗಳ ಒಂದೊಂದು ಗುಂಪಿಗೆ ಒಂದೇ ಅಪ್ಪಣೆ ಹೋಗುತ್ತದೆ, ಮುಕಾದಮ ಒಮ್ಮೆ ಕೂಗಿದರೆ 32 ಕೈಗಳು ಒಟ್ಟಿಗೆ ಏಳುತ್ತವೆ. ಕೆಲಸವಾದರೂ ಎಷ್ಟು? 4ಕೆ ವಿಡಿಯೊದ ಒಂದು ಚಿತ್ರದಲ್ಲಿ 82,94,400 ಚುಕ್ಕೆಗಳು. ಸೆಕೆಂಡಿಗೆ 25 ಚಿತ್ರ. ಮದುಮಗಳ ಮುಖದ ಬಣ್ಣ ತುಸು ತಿದ್ದಿದರೂ ಸೆಕೆಂಡಿಗೆ ಇಪ್ಪತ್ತು ಕೋಟಿಗೂ ಮೀರಿದ ಚುಕ್ಕೆಗಳನ್ನು ಮುಟ್ಟಬೇಕು.

ಆಳುಗಳಿಗೆ ಊಟ ಬೇಕಲ್ಲ, ಅದೇ ವಾಟು. ಮದರ್‌ಬೋರ್ಡಿನ ಉದ್ದನೆಯ ಸ್ಲಾಟ್ ಕಾರ್ಡಿಗೆ ಕೊಡಬಲ್ಲ ವಿದ್ಯುತ್ತು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ವೈರು ಎಳೆಯಬೇಕು: ಆರು ಪಿನ್ನಿನದು ಇನ್ನೊಂದು 75 ಕೊಡುತ್ತದೆ, ಎಂಟು ಪಿನ್ನಿನದು 150. ಆಫೀಸ್ ಪೆಟ್ಟಿಗೆಗಳಲ್ಲಿ ಆ ವೈರು ಇರುವುದೇ ಅಪರೂಪ. ಪವರ್ ಸಪ್ಲೈ ಒಟ್ಟು ಸೇರಿ 180, 200 ವಾಟಿನದು, ಆಕಾರವೂ ಅದೇ ಕಂಪನಿಗೆ ಮೀಸಲು, ಬಿಚ್ಚಿ ಬೇರೆಯದು ಹಾಕುವಂತಿಲ್ಲ. ಹಳೆಯ ಕೆಲವು ಮಾದರಿಗಳಲ್ಲಿ ಸ್ಲಾಟಿಗೆ 75 ಕೂಡ ಬಿಡುವುದಿಲ್ಲ, ಕೈಪಿಡಿಯ ಮೂಲೆಯಲ್ಲೆಲ್ಲೋ ಅದನ್ನು ಬರೆದಿರುತ್ತಾರೆ. ಹೊಸದಾಗಿ ಕಟ್ಟುವವರಿಗೆ ಇಷ್ಟು ಸಂಕಟವಿಲ್ಲ. 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡು, ಎಸ್‌ಎಫ್‌ಎಕ್ಸ್ ಎಂಬ ಪುಟ್ಟ ಅಳತೆಯ ಪವರ್ ಸಪ್ಲೈ ತೆಗೆದುಕೊಂಡರೆ 115 ವಾಟಿನ ಆರ್‌ಟಿಎಕ್ಸ್ 4060ರ ಗಿಡ್ಡ ಕಾರ್ಡನ್ನೂ ಕೂರಿಸಬಹುದು. ದುಡ್ಡು ಬೇಕು, ಅಷ್ಟೇ.

75 ವಾಟ್ ಎಂದರೆ ನೆತ್ತಿಯ ಮೇಲೆ ತಿರುಗುವ ಹಳೆಯ ಸೀಲಿಂಗ್ ಫ್ಯಾನ್ ತಿನ್ನುವಷ್ಟು. ಫ್ಯಾನ್ ಅದರಿಂದ ಕೋಣೆಗೆಲ್ಲ ಗಾಳಿ ಬೀಸುತ್ತದೆ. ಚಿಪ್ಪು ಲೆಕ್ಕ ಮಾಡುತ್ತದೆ, ಮಾಡಿ ಮುಗಿಸಿದ ಮೇಲೆ ತಿಂದ ಅಷ್ಟೂ ವಿದ್ಯುತ್ತು ಶಾಖವಾಗಿ ಉಳಿಯುತ್ತದೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಸಿಲಿಕಾನ್ ಚೂರಿನಿಂದ ಆ ಬಿಸಿಯನ್ನು ಹೊರಗೆಳೆಯುವುದೇ ಗಿಡ್ಡ ಕಾರ್ಡಿನ ಜೀವನ್ಮರಣದ ಪ್ರಶ್ನೆ.

ಒಳ್ಳೆಯ ಕಾರ್ಡುಗಳಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಪೆನ್ಸಿಲಿಗಿಂತ ತೆಳುವಾದ ತಾಮ್ರದ ಕೊಳವೆ, ಎರಡೂ ಬಾಯಿ ಬಂದ್. ಒಳಗಿನ ಗಾಳಿಯನ್ನು ಹೀರಿ ತೆಗೆದು ಒಂದಿಷ್ಟೇ ನೀರು ಬಿಟ್ಟಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ, ಚಿಪ್ಪು ಬೆಚ್ಚಗಾಗುತ್ತಲೇ ಆವಿಯಾಗುತ್ತದೆ. ಆವಿ ತಣ್ಣಗಿನ ತುದಿಗೆ ಓಡುತ್ತದೆ, ಅಲ್ಲಿ ಅಲ್ಯೂಮಿನಿಯಂ ರೆಕ್ಕೆಗಳಿಗೆ ಬಿಸಿ ಒಪ್ಪಿಸಿ ಹನಿಯಾಗುತ್ತದೆ. ಕೊಳವೆಯ ಒಳಗೋಡೆಗೆ ಅಂಟಿಸಿದ ತಾಮ್ರದ ಪುಡಿಯ ಪದರ, ದೀಪದ ಬತ್ತಿ ಎಣ್ಣೆ ಹೀರುವಂತೆ, ಆ ಹನಿಯನ್ನು ಹೀರಿ ಮತ್ತೆ ಚಿಪ್ಪಿನ ಕಡೆ ತರುತ್ತದೆ. ಪಂಪಿಲ್ಲ, ಸದ್ದಿಲ್ಲ, ಸವೆಯುವ ಭಾಗವಿಲ್ಲ. ಅಗ್ಗದ ಕಾರ್ಡುಗಳಲ್ಲಿ ಈ ಕೊಳವೆ ಇರುವುದಿಲ್ಲ, ಬರಿ ಅಲ್ಯೂಮಿನಿಯಂ ಗಟ್ಟಿ. ಬಗ್ಗಿ ನೋಡಿದರೆ ರೆಕ್ಕೆಗಳ ನಡುವೆ ತಾಮ್ರದ ಬಣ್ಣ ಕಾಣುತ್ತದೋ ಇಲ್ಲವೋ ತಿಳಿಯುತ್ತದೆ.

ರೆಕ್ಕೆಯವರೆಗೆ ಬಂದ ಬಿಸಿಯನ್ನು ಗಾಳಿಗೆ ದಾಟಿಸುವವನು ಫ್ಯಾನ್. ಸಣ್ಣ ಕಾರ್ಡಿಗೆ ಸಣ್ಣ ಫ್ಯಾನ್, ಗೋಳು ಇಲ್ಲಿಂದ ಶುರು. ಒಂದೇ ಆಕಾರದ ಫ್ಯಾನುಗಳಲ್ಲಿ ಗಾಳಿಯ ಪ್ರಮಾಣ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. 80 ಮಿಲಿಮೀಟರಿನ ಫ್ಯಾನು ತಳ್ಳುವಷ್ಟು ಗಾಳಿಯನ್ನು 40ರದು ತಳ್ಳಬೇಕೆಂದರೆ ಎಂಟು ಪಟ್ಟು ವೇಗವಾಗಿ ತಿರುಗಬೇಕು. ಎಂಟು ಪಟ್ಟು ಯಾರೂ ತಿರುಗಿಸುವುದಿಲ್ಲ, ಒಂದಿಷ್ಟು ಹೆಚ್ಚು ತಿರುಗಿಸಿ ಉಳಿದ ಬಿಸಿಯನ್ನು ಚಿಪ್ಪು ಸಹಿಸಿಕೊಳ್ಳಲಿ ಎಂದು ಬಿಡುತ್ತಾರೆ. ಗಿಡ್ಡ ಕಾರ್ಡುಗಳು ಸೊಳ್ಳೆಯಂತೆ ಕಿವಿಗೆ ಕೂರುವ ದನಿ ತೆಗೆಯುವುದು ಇದಕ್ಕೇ.

ಇನ್ನು ಹವೆ. ಕಾರ್ಡಿನ ಪರೀಕ್ಷೆ ಮಾಡಿ ತೋರಿಸುವವರು 22 ಡಿಗ್ರಿಯ ಕೋಣೆಯಲ್ಲಿ ಕುಳಿತು ‘68 ಡಿಗ್ರಿ ಬಂತು, ಚೆನ್ನಾಗಿದೆ’ ಎನ್ನುತ್ತಾರೆ ಅಂದುಕೊಳ್ಳಿ. ಕಾರ್ಡು ಕೋಣೆಗಿಂತ 46 ಡಿಗ್ರಿ ಮೇಲಿದೆ. ಕಾರ್ಡಿನ ಸ್ವಂತ ಗುಣ ಎಂದರೆ ಆ 46. ಮೇ ತಿಂಗಳ ಮೂರು ಗಂಟೆಗೆ ಕುಶನೂರಿನ ತಗಡಿನ ಕೆಳಗೆ 42 ಡಿಗ್ರಿ ಇದ್ದರೆ ಅದೇ ಕಾರ್ಡು 88ಕ್ಕೆ ಹೋಗಿ ನಿಲ್ಲಬೇಕು. ನಿಲ್ಲುವುದಿಲ್ಲ. ಎನ್ವಿಡಿಯಾದ ಅನೇಕ ಜಿಫೋರ್ಸ್ ಕಾರ್ಡುಗಳು 83ರ ಆಸುಪಾಸಿನಲ್ಲೇ ವೇಗ ತಗ್ಗಿಸಿಕೊಳ್ಳುತ್ತವೆ. ಕಾರ್ಡು ಸುಡುವುದಿಲ್ಲ, ಸುಮ್ಮನೆ ಮಂದವಾಗುತ್ತದೆ, ನೆತ್ತಿಯ ಮೇಲೆ ಹೊತ್ತು ಬಂದಾಗ ಬೇವಿನ ನೆರಳಿಗೆ ಸರಿಯುವ ಆಳಿನಂತೆ. ಇಂಥ ಚಿಪ್ಪುಗಳನ್ನೇ ಮಾಡುವ ಎಎಂಡಿ ಕಂಪನಿ 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದ ಟೆಕ್ನೋಸ್ಟಾರ್ ಕ್ಯಾಂಪಸ್ಸಿನಲ್ಲಿ ಸುಮಾರು ಮೂರು ಸಾವಿರ ಇಂಜಿನಿಯರುಗಳಿಗೆ ಜಾಗವಿದೆ. ಅವರಲ್ಲಿ ನಾಲ್ವರನ್ನಾದರೂ ಒಂದು ಬೇಸಿಗೆಗೆ ನಮ್ಮ ಕಡೆ ಕಳಿಸಬಾರದೇ ಎಂದು ನನಗೆ ಆಗಾಗ ಅನಿಸುತ್ತದೆ.

ಆದ್ದರಿಂದ ಕಾರ್ಡು ಆರಿಸುವಾಗ ನಾನು ಮೊದಲು ನೋಡುವುದು ಕಡಿಮೆ ವಾಟಿನಲ್ಲಿ ಹೆಚ್ಚು ಆಳುಗಳಿದ್ದಾರೆಯೇ ಎಂಬುದನ್ನು. ಚಿಪ್ಪು ತಿನ್ನುವ ವಿದ್ಯುತ್ತು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಎರಡನ್ನೂ ಶೇ. 10ರಷ್ಟು ಇಳಿಸಿದರೆ ಈ ಬಾಬ್ತಿನ ಖರ್ಚು ಶೇ. 27ರಷ್ಟು ಇಳಿಯುತ್ತದೆ. ಓಡುವ ಇಪ್ಪತ್ತು ಜನಕ್ಕಿಂತ ನಡೆಯುವ ನಲವತ್ತು ಜನ ಅಗ್ಗ. ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ 3584 ಕೋರ್, ಅಂದರೆ ಅಷ್ಟು ಆಳುಗಳು; 170 ವಾಟ್. ಅದೇ ಚಿಪ್ಪನ್ನು ನಿಧಾನಕ್ಕೆ ಓಡಿಸಿ 2021ರಲ್ಲಿ ತಂದ ಗಿಡ್ಡ ಕಾರ್ಡು ಆರ್‌ಟಿಎಕ್ಸ್ ಎ2000: 3328 ಕೋರ್, 70 ವಾಟ್. ಇಂಜಿನಿಯರಿಂಗ್ ಕಚೇರಿಗಳಿಗೆಂದು ಮಾಡಿದ್ದು, ಹೊಸದರ ಬೆಲೆ ಕೇಳಬೇಡಿ. ಹಳೆಯದು ಸಿಕ್ಕಿದರೆ ಬಿಡಬೇಡಿ.

ಹುಡುಗ ತಂದಿರುವುದು ಆರ್‌ಟಿಎಕ್ಸ್ 3050. ಈ ಹೆಸರಲ್ಲೇ ಒಂದು ಗುಂಡಿ ಇದೆ. 2022ರಲ್ಲಿ ಬಂದ 8 ಜಿಬಿಯ 3050ಕ್ಕೆ 130 ವಾಟ್ ಬೇಕು, ಬೇರೆ ವೈರೂ ಬೇಕು. 2024ರ ಫೆಬ್ರುವರಿಯಲ್ಲಿ ಬಂದ 6 ಜಿಬಿಯದು 2304 ಕೋರಿನ, 70 ವಾಟಿನ ಕಾರ್ಡು, ಸ್ಲಾಟಿನ ಊಟದಲ್ಲೇ ಬದುಕುತ್ತದೆ. ಇವನದು ಎರಡನೆಯದು, ಪುಣ್ಯ. ಜಿಟಿ 1030ರ ಕಥೆ ಇನ್ನೂ ಕೆಟ್ಟದ್ದು. 2017ರಲ್ಲಿ ಬಂದಾಗ ಅದರ ಮೆಮರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮರಿ ಹಾಕಿ ಇನ್ನೊಂದು ಬಿಟ್ಟರು, ಅದು 17 ಜಿಬಿ ಕೂಡ ಮುಟ್ಟುವುದಿಲ್ಲ. ಸಾಲದ್ದಕ್ಕೆ ಎರಡರಲ್ಲೂ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಎಡಿಟ್ ಆದದ್ದನ್ನು ಒತ್ತಿ ಫೈಲಾಗಿ ಬರೆಯುವ, ಅಂಗವೇ ಇಲ್ಲ. ಎಎಂಡಿಯ ಆರ್‌ಎಕ್ಸ್ 6400 ಕೂಡ ಹಾಗೆಯೇ. 53 ವಾಟಿನ ಚೊಕ್ಕ ಕಾರ್ಡು, ಆಟಕ್ಕೆ ಅಡ್ಡಿಯಿಲ್ಲ, ಆದರೆ ಎನ್‌ಕೋಡರ್ ಇಲ್ಲ, ಬೋರ್ಡಿನೊಂದಿಗೆ ಮಾತಾಡಲು ನಾಲ್ಕೇ ದಾರಿ. ಹಳೆಯ ಪಿಸಿಐಇ 3 ಪೀಳಿಗೆಯ ಸ್ಲಾಟಿರುವ ಬೋರ್ಡಿಗೆ ಹಾಕಿದರೆ ಆ ದಾರಿಗಳ ಸಾಗಣೆ ಅರ್ಧಕ್ಕಿಳಿಯುತ್ತದೆ. ಮದುವೆ ಎಡಿಟಿಂಗ್‌ಗೆ ಇವನ್ನು ಕೊಂಡರೆ ದುಡ್ಡು ದಂಡ.

ವಿಡಿಯೊದವರಿಗೆ ಮಾತ್ರ ತಾಗುವ ಇನ್ನೊಂದು ಮುಳ್ಳಿದೆ. ಈಚಿನ ಕ್ಯಾಮೆರಾಗಳು ‘10 ಬಿಟ್ 4:2:2’ ಎಂಬ ಬಗೆಯಲ್ಲಿ ಬರೆಯುತ್ತವೆ, ಎರಡು ಚುಕ್ಕೆಗೊಂದು ಬಣ್ಣದ ಲೆಕ್ಕ. ಸಾಮಾನ್ಯ 4:2:0ದಲ್ಲಿ ನಾಲ್ಕು ಚುಕ್ಕೆಗೊಂದು. ಈ 4:2:2ನ್ನು ಬಿಡಿಸಿ ಓದುವ ಅಂಗ ಎನ್ವಿಡಿಯಾ ಕಾರ್ಡುಗಳಲ್ಲಿ 50ರ ಸರಣಿಗೆ ಮುಂಚೆ ಇರಲಿಲ್ಲ. 3050 ಕೈ ಕಟ್ಟಿ ಕೂರುತ್ತದೆ, ಪ್ರೊಸೆಸರ್ ಒಂಟಿಯಾಗಿ ಬೆವರುತ್ತದೆ. ಇಂಟೆಲ್‌ನ ಪುಟ್ಟ ಆರ್ಕ್ ಎ310 ಅದನ್ನು, ಫೈಲು ಎಚ್.265 ಬಗೆಯದಾಗಿದ್ದರೆ, ಸಲೀಸಾಗಿ ಓದುತ್ತದೆ, ಒಂದೇ ಕಿಂಡಿಯ ಗಿಡ್ಡ ರೂಪದಲ್ಲೂ ಸಿಗುತ್ತದೆ. ಅದಕ್ಕೆ ಬೇರೆ ತಕರಾರು: ‘ರಿಸೈಜಬಲ್ ಬಾರ್’ ಸೌಲಭ್ಯವಿಲ್ಲದ ಹಳೆಯ ಬೋರ್ಡಿನಲ್ಲಿ ಆಟಗಳು ಮುಗ್ಗರಿಸುತ್ತವೆ. “ಕ್ಯಾಮೆರಾ ಯಾವುದಕ್ಕೆ ಇಟ್ಟೀದಿ?” ಎಂದು ಕೇಳಿದೆ. ಹುಡುಗ ತೆರೆದು ತೋರಿಸಿದ, 4:2:0. “ಅಲ್ಲೇ ಇರ್ಲಿ ಬಿಡು. ಇಲ್ಲಿ ಬಣ್ಣ ಹಂಗ ತಿದ್ದೋರು ಯಾರದಾರ?” ಎಂದೆ. ಅವನಿಗೆ ಆ ಮಾತು ಅಷ್ಟು ಹಿಡಿಸಲಿಲ್ಲ.

ಪಟ್ಟಿಯನ್ನು ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನ ಕಡೆಯ ವೆಲ್ಡಿಂಗ್ ಅಂಗಡಿಗೆ ಹೋದೆವು. ಕಬ್ಬಿನ ಟ್ರಾಲಿ ಬೆಸೆಯುತ್ತಿದ್ದವರು ಕನ್ನಡಕ ಎತ್ತಿ ನೋಡಿ, ಇಷ್ಟು ನಾಜೂಕಿನ ಕೆಲಸ ನಮ್ಮ ಕೈಲಿ ಯಾಕೆ ಎಂಬಂತೆ ನಕ್ಕರು. ಪೆಟ್ಟಿಗೆಯಲ್ಲಿದ್ದ ಹಳೆ ಕಿಂಡಿ ಮುಚ್ಚುವ ತಗಡನ್ನು ಅಳತೆಗೆ ಇಟ್ಟು, ಗೀರು ಹಾಕಿ, ಹ್ಯಾಕ್ಸಾದಲ್ಲಿ ಕೊಯ್ದು, ವೈಸಿನಲ್ಲಿ ಹಿಡಿದು ತುದಿ ಬಗ್ಗಿಸಿಕೊಟ್ಟರು. ಸ್ಕ್ರೂ ಕೂರುವ ಕಚ್ಚನ್ನು ಅರದಿಂದ ಉಜ್ಜಿದರು. ಕಾರ್ಡಿನಿಂದ ಬಿಚ್ಚಿ ತಂದದ್ದೇ ಒಳ್ಳೆಯದಾಯಿತು, ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಉದುರಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಕಾರ್ಡು ಕೂತಿತು. ಗೋಡೆಗೆ ಒತ್ತಿ ಮಲಗಿದ್ದ ಪೆಟ್ಟಿಗೆಯನ್ನು ಎಬ್ಬಿಸಿ ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿದೆವು. ಗೋಡೆಯಿಂದ ಗೇಣು ದೂರ. ಹಳೆಯ ಮಾಳಿಗೆ ಮನೆಗಳಲ್ಲಿ ಅಡುಗೆಯ ಹೊಗೆ ಹೋಗಲು ಬೆಳಕಿಂಡಿ ಇರುತ್ತಿತ್ತಲ್ಲ, ಬಿಸಿ ಗಾಳಿಗೆ ಹಾಗೊಂದು ದಾರಿ ಬೇಕು. ಯುಪಿಎಸ್ 600 ವಿಎ, ಅಂದರೆ ಸುಮಾರು 360 ವಾಟಿನದು. ಈ ಪೆಟ್ಟಿಗೆಯೂ ಮಾನಿಟರೂ ಸೇರಿದರೂ ಕರೆಂಟು ಹೋದಾಗ ಫೈಲು ಉಳಿಸಿ ಬಂದ್ ಮಾಡುವಷ್ಟು ಹೊತ್ತು ತಡೆದೀತು. ಸೋಯಾ ರಾಶಿಯ ಕಾಲಕ್ಕೆ ಊರಿಗೆ ಊರೇ ಹೊಟ್ಟು, ಧೂಳು. ಆಗ ತಿಂಗಳಿಗೊಮ್ಮೆ ಬ್ಲೋವರ್ ಹಿಡಿ, ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡ ಇಡು, ಗಾಳಿಯ ರಭಸಕ್ಕೆ ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹೋಗುತ್ತದೆ ಎಂದು ಹೇಳಿದೆ.

ಅಷ್ಟರಲ್ಲಿ ಶಾಲೆ ಬಿಟ್ಟು ಬಂದ ತಮ್ಮ, ಬ್ಯಾಗು ಇಳಿಸುವ ಮೊದಲೇ ಪರದೆ ಸರಿಸಿ ಇಣುಕಿದ.

“ಕಾಕಾ, ಗೇಮ್ ನಡೀತದೇನ್ರಿ ಇದ್ರಾಗ?”

“ನಡೀತದ. ರಾತ್ರಿ ಆಡು, ತಗಡು ತಣ್ಣಗಾದ ಮ್ಯಾಲ.”